ಎಡಗಡೆಯ ದೀಪ

ಠಣ್ ಎಂದು ಒಂದೇ ಒಂದು ಸದ್ದು. ಪಾತ್ರೆ ಅಂಗಡಿಯಲ್ಲಿ ತಂಬಿಗೆ ಕೊಳ್ಳುವವರು ಬಿರುಕಿದೆಯೇ ಎಂದು ಉಗುರಿನಿಂದ ತಟ್ಟಿ ನೋಡುತ್ತಾರಲ್ಲ, ಅಂಥದ್ದು. ಊರೆಲ್ಲ ಮಲಗಿ ಬಹಳ ಹೊತ್ತಾಗಿತ್ತು. ಶ್ಯಾಮಲ ಹಾಸಿಗೆಯ ಮೇಲೆ ಎದ್ದು ಕೂತಳು. ಪಕ್ಕದಲ್ಲಿ ಗಂಡ ಚನ್ನಕೇಶವ ಗೋಡೆಯ ಕಡೆ ಮುಖ ಮಾಡಿ ಗಾಢ ನಿದ್ದೆಯಲ್ಲಿದ್ದ.

ಬೇರೆ ಯಾರೇ ಆಗಿದ್ದರೂ ಇಲಿಯೋ ಬೆಕ್ಕೋ ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಶ್ಯಾಮಲಳಿಂದ ಅದಾಗದು. ಬಾಗಿಲು ಹಾಕಿ ಮಲಗಿದ ಮೇಲೂ ಎದ್ದುಹೋಗಿ ಚಿಲಕ ಮುಟ್ಟಿ ನೋಡುವವಳು, ಕಾಯಿಸಿಟ್ಟ ಹಾಲಿನ ಮುಚ್ಚಳ ತೆಗೆದು ಹಲ್ಲಿ ಬಿದ್ದಿಲ್ಲವಷ್ಟೆ ಎಂದು ಇಣುಕುವವಳು. “ನಮ್ಮನೇಲಿ ನಾಯಿ ಸಾಕೋದು ಬೇಡ ಕಣೋ ಕೇಶವ, ಬಿ.ಎ. ಓದಿರೋಳೇ ಕಾಯ್ತಾಳೆ” ಎಂದು ಅತ್ತೆ ಅಮ್ಮಾಜಮ್ಮ ಮಗನ ಮುಂದೆ ನಗುತ್ತಿದ್ದರು. ಶ್ಯಾಮಲಳೂ ನಗುತ್ತಿದ್ದಳು, ನಕ್ಕು ಹೋಗಿ ಒಲೆ ಆರಿದೆಯೇ ಎಂದು ನೋಡಿ ಬರುತ್ತಿದ್ದಳು.

ಸದ್ದು ಬಂದದ್ದು ಹಿತ್ತಿಲ ಶೆಡ್ಡಿನಿಂದ. ಅಲ್ಲಿಯೇ ಲೋಹಕ್ಕೆ ಮುಲಾಮು ಹಾಕುವ ಅವರ ಕಾರ್ಖಾನೆ. ಚನ್ನಕೇಶವನ ತಾತ ಚಿಕ್ಕಬಳ್ಳಾಪುರಕ್ಕೆ ಬಂದು ದೇವರ ಕವಚ, ಪ್ರಭಾವಳಿಗಳಿಗೆ ಬೆಳ್ಳಿ, ಚಿನ್ನದ ಮುಲಾಮು ಹಾಕುತ್ತಿದ್ದವರು. ಅಪ್ಪನ ಕಾಲಕ್ಕೆ ಸೈಕಲ್ ಹ್ಯಾಂಡಲ್ಲು, ಬ್ಯಾಂಡ್‌ಸೆಟ್ಟಿನ ತುತ್ತೂರಿಗಳಿಗೆ ನಿಕ್ಕಲ್ ಬಂತು. ಈಗ ಚನ್ನಕೇಶವ ಡೈನಮೋ ತಂದು, ಸೀಸದ ತಗಡು ಹೊದಿಸಿದ ತೊಟ್ಟಿ ಕಟ್ಟಿಸಿ, ಲಾರಿ ಬಸ್ಸುಗಳ ಬಂಪರಿಗೆ ಕ್ರೋಮ್ ಹಾಕುತ್ತಿದ್ದ.

ಆದರೆ ಆ ವಾರ ಶೆಡ್ಡಿನಲ್ಲಿದ್ದದ್ದು ಲಾರಿಯ ಸಾಮಾನಲ್ಲ. ಶಿಡ್ಲಘಟ್ಟದ ವೆಂಕಟರಾಯಪ್ಪನವರ ಎಂ.ಜಿ. ಕಾರಿನದು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಕಾರು. ಊರು ಬಿಟ್ಟು ಹೊರಟ ಬಿಳಿಯನೊಬ್ಬನಿಂದ ಅವರು ಅದನ್ನು ಕೊಂಡಿದ್ದರು. ಹೆಂಡತಿ ಮಂಗಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೆರಗು ಗಾಳಿಗೆ ಹಾರುವಂತೆ ಚಿಂತಾಮಣಿ ರಸ್ತೆಯಲ್ಲಿ ಹೋಗುತ್ತಿದ್ದುದನ್ನು ಜನ ಇನ್ನೂ ಹೇಳುತ್ತಿದ್ದರು. ಮಂಗಮ್ಮ ತೀರಿಕೊಂಡ ಮೇಲೆ ವೆಂಕಟರಾಯಪ್ಪ ಕಾರನ್ನು ರೇಷ್ಮೆ ಹುಳುವಿನ ಮನೆಯೊಳಗೆ ತಳ್ಳಿಸಿ, ಅದರ ಮೇಲೆ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಪೇರಿಸಿ, ಆ ಕಡೆ ತಿರುಗಿ ನೋಡಿರಲಿಲ್ಲ. ಹುಳು ಮನೆಯ ತೇವ, ಅಲ್ಲಿ ಸಿಂಪಡಿಸುವ ಔಷಧಿಯ ಘಾಟು, ಎರಡೂ ಸೇರಿ ಹೊಳಪನ್ನೆಲ್ಲ ತಿಂದುಹಾಕಿದ್ದವು. ಈಗ ಮಗನ ಮದುವೆ ಬಂದಿತ್ತು. ಮೆರವಣಿಗೆಗೆ ಅದೇ ಕಾರು ಬೇಕೆಂದು ಮಗ ಹಠ ಹಿಡಿದಿದ್ದ. ಎರಡು ದೀಪಗಳ ಲೋಹದ ಬುರುಡೆ, ಮುಂದಿನ ರೇಡಿಯೇಟರಿನ ಚೌಕಟ್ಟು, ಬಂಪರು, ಬಾಗಿಲ ಹಿಡಿಗಳು, ಎಲ್ಲವನ್ನೂ ಬಿಚ್ಚಿ ಗೋಣಿಯಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿ ಕಳಿಸಿದ್ದರು.

ಚನ್ನಕೇಶವ ಆ ಸಾಮಾನನ್ನು ಬಾಣಂತಿಯ ಮಗುವಿನಂತೆ ನೋಡಿಕೊಂಡ. ಹಳೆಯ ಕ್ರೋಮನ್ನು ಆಸಿಡ್ಡಿನಲ್ಲಿ ಕಿತ್ತ. ದೀಪದ ಬುರುಡೆಗಳ ಒಳಗಿನಿಂದ ಹಿತ್ತಾಳೆ ಅರಿಶಿನ ಹಚ್ಚಿದ ಕೆನ್ನೆಯಂತೆ ಎದ್ದು ಬಂತು. ಬಾಗಿಲ ಹಿಡಿಗಳು ಮಾತ್ರ ಯಾವುದೋ ಹಗುರ ಲೋಹ. ಆಸಿಡ್ಡಿನಲ್ಲಿ ಸ್ವಲ್ಪ ಹೊತ್ತು ಹೆಚ್ಚಾದರೂ ಬೆಲ್ಲದ ಹಾಗೆ ಕರಗುತ್ತವೆ ಎಂದು ಅವನ್ನು ಕೈಯಲ್ಲೇ ಉಜ್ಜಿದ. ಆಮೇಲೆ ಬಟ್ಟೆಯ ಚಕ್ರಕ್ಕೆ ಕೊಟ್ಟು ನುಣುಪು ಮಾಡಿ, ತಾಮ್ರ ಹಿಡಿಸಿ, ಹಸಿರು ತೊಟ್ಟಿಯಲ್ಲಿ ನಿಕ್ಕಲ್ ಹಿಡಿಸಿ, ಕೊನೆಗೆ ಹುಣಿಸೇರಸದ ಬಣ್ಣದ ಕ್ರೋಮ್ ತೊಟ್ಟಿಗೆ ಇಳಿಸಿದ. ಹಗಲು ಕರೆಂಟು ಏರಿಳಿಯುತ್ತದೆಂದು ಈ ಕೊನೆಯ ಕೆಲಸ ಯಾವಾಗಲೂ ದೀಪ ಹಚ್ಚಿದ ಮೇಲೆಯೇ.

ತಾತನ ಕಾಲದ ಕಟ್ಟಳೆಯೊಂದು ಆ ಮನೆಯಲ್ಲಿ ಉಳಿದುಕೊಂಡು ಬಂದಿತ್ತು. ಹೊಸ ಹೊಳಪಿನ ಸಾಮಾನು ತೊಟ್ಟಿಯಿಂದ ಬಂದ ಕೂಡಲೇ ಮುಖ ಬೇರೆ ಕಡೆ ತಿರುಗಿಸಿಕೊಂಡು ಅದರ ಮೇಲೆ ಒದ್ದೆ ಪಂಚೆ ಹೊದಿಸಬೇಕು. ಬೆಳಿಗ್ಗೆ ಅಂಗಳಕ್ಕೆ ತಂದು, ಮೊದಲು ಸೂರ್ಯನಿಗೆ ತೋರಿಸಿ, ಆಮೇಲೆ ಮನುಷ್ಯರು ನೋಡಬೇಕು. ದೇವರ ವಿಗ್ರಹಕ್ಕೆ ಕಣ್ಣು ಬಿಡಿಸುವಾಗ ಎದುರಿಗೆ ಯಾರೂ ನಿಲ್ಲುವುದಿಲ್ಲವಲ್ಲ, ಆ ಲೆಕ್ಕ. ದೇವರ ಸಾಮಾನು ಬರುವುದು ನಿಂತು ಎಷ್ಟೋ ಕಾಲವಾದರೂ ಚನ್ನಕೇಶವ ಲಾರಿ ಬಂಪರಿಗೂ ಅದನ್ನೇ ಮಾಡುತ್ತಿದ್ದ. ಶ್ಯಾಮಲ ಒಂದು ದಿನವೂ ಅದನ್ನು ಹಳಿದವಳಲ್ಲ. ಇನ್ನೊಬ್ಬರ ಭಯವನ್ನು ಹಗುರವಾಗಿ ನೋಡುವ ಸ್ವಭಾವ ಅವಳದಾಗಿರಲಿಲ್ಲ.

ಕಂದೀಲು ಹಿಡಿದು ಅವಳು ಶೆಡ್ಡಿನ ಬಾಗಿಲು ತೆಗೆದಳು. ಇಲಿ ಇಲ್ಲ, ಬೆಕ್ಕಿಲ್ಲ. ಮರದ ಹೊಟ್ಟಿನ ಮೂಟೆಗಳ ಮೇಲೆ ಸಾಮಾನುಗಳು ಪಂಚೆ ಹೊದ್ದು ಮಲಗಿದ್ದವು. ಎಡಗಡೆಯ ದೀಪದ ಮೇಲಿನ ಬಟ್ಟೆ ಮಾತ್ರ ಒಣಗಿ ಒಂದು ಬದಿಗೆ ಜಾರಿ, ಬಿದಿಗೆಯ ಚಂದ್ರನಷ್ಟು ಅಂಚು ಹೊರಗೆ ಹೊಳೆಯುತ್ತಿತ್ತು. ಬಟ್ಟೆ ಎಳೆದು ಸರಿ ಮಾಡಿ ವಾಪಸು ಬಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಅಂಚಿನ ಮೇಲೆ ಒಂದು ಕಪ್ಪು ಚುಕ್ಕೆ ಕಂಡಿತು. ಸುಟ್ಟಿದೆಯೋ? ಬೊಬ್ಬೆ ಎದ್ದಿದೆಯೋ? ಎದ್ದಿದ್ದರೆ ಮತ್ತೆ ಮೊದಲಿನಿಂದ ಮಾಡಬೇಕು, ಮದುವೆಯೋ ಹತ್ತಿರ ಬಂದಿದೆ. ನೋಡದೆ ಹೋದರೆ ಬೆಳಗಾಗುವವರೆಗೆ ಕಣ್ಣು ಮುಚ್ಚಲಾಗದೆಂದು ಅವಳಿಗೆ ಗೊತ್ತಿತ್ತು. ಎರಡು ಬೆರಳಿನಲ್ಲಿ ಬಟ್ಟೆ ಎತ್ತಿದಳು.

ಚುಕ್ಕೆ ಬರಿಯ ಮರದ ಹೊಟ್ಟು. ಊದಿದರೆ ಹೋಯಿತು. ಅವಳು ನಿಟ್ಟುಸಿರು ಬಿಡುವ ಹೊತ್ತಿಗೆ ದೀಪದ ಉಬ್ಬಿನಲ್ಲಿ ಅವಳ ಮುಖ ತೇಲಿ ನಿಂತಿತ್ತು. ಕೆಳಗಿನಿಂದ ಕಂದೀಲಿನ ಬೆಳಕು, ಬಿಚ್ಚಿದ ಕೂದಲು, ಅಗಲವಾದ ಕೆನ್ನೆ. ತಾನು ಬಗ್ಗುವುದಕ್ಕೆ ಮೊದಲೇ ಅದು ಅಲ್ಲಿತ್ತೇನೋ ಎನ್ನಿಸಿತು. ಬಟ್ಟೆ ಹೊದಿಸಿ, ಬಾಗಿಲು ಹಾಕಿ, ಚಿಲಕವನ್ನು ಮತ್ತೆ ಮುಟ್ಟಿ ನೋಡದೆಯೇ ಬಂದು ಮಲಗಿದಳು.

ಬೆಳಿಗ್ಗೆ ಚನ್ನಕೇಶವ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಪಂಚೆ ತೆಗೆದ. ಬಲಗಡೆಯ ದೀಪದಲ್ಲಿ ಸೂರ್ಯ ಕಣ್ಣಿಗೆ ಚುಚ್ಚಿದ. ಎಡಗಡೆಯದರಲ್ಲಿ, ಹೊಟ್ಟೆ ತುಂಬಿದವರು ತಟ್ಟೆಗೆ ಬಡಿಸಿದ್ದನ್ನು ಬದಿಗೆ ಸರಿಸುವಂತೆ, ಬೆಳಕು ಅಂಚಿಗೇ ನಿಂತಿತು.

“ಸ್ವಲ್ಪ ಮಂಕಾಗಿಲ್ವೇನ್ರೀ ಇದು?” ಎಂದಳು ಶ್ಯಾಮಲ.

“ಬಟ್ಟೆ ಹಬೆ ಕಣೇ. ನೀನೊಬ್ಬಳು, ಸೂರ್ಯಂಗೂ ತಪ್ಪು ಹುಡುಕ್ತೀಯ” ಎಂದು ಅವನು ಉಜ್ಜಿದ. ಮಂಕು ಹೋಯಿತು. ಅದೇ ದಿನ ಸಾಮಾನು ಶಿಡ್ಲಘಟ್ಟಕ್ಕೆ ಹೊರಟಿತು. ಚನ್ನಕೇಶವನೇ ಹೋಗಿ ಕಾರಿಗೆ ಜೋಡಿಸಿ ಬಂದ.

ಕನ್ನಡಿಯಲ್ಲಿ ಮೊದಲು ಹೋದದ್ದು ಹುಬ್ಬು. ತಲೆ ಬಾಚಿಕೊಳ್ಳುವಾಗ ಹುಬ್ಬಿನ ಜಾಗದಲ್ಲಿ ಉಸಿರು ತಾಗಿದಂತೆ ಮಸುಕು ಕಂಡಿತು. ಶ್ಯಾಮಲ ಸೆರಗಿನಿಂದ ಕನ್ನಡಿ ಒರೆಸಿದಳು, ರಂಗೋಲಿ ಪುಡಿ ಹಾಕಿ ಒರೆಸಿದಳು. ಹಿಂದಿನ ಗೋಡೆಯ ಕ್ಯಾಲೆಂಡರು, ಅದರ ಮೊಳೆ, ಮೊಳೆಯ ಮೇಲಿನ ಜೇಡರ ಬಲೆ, ಎಲ್ಲವೂ ಸ್ಪಷ್ಟವಾಗಿದ್ದವು. ಅವಳ ಮುಖ ಮಾತ್ರ ದಿನದಿಂದ ದಿನಕ್ಕೆ ಮಾಸುತ್ತ ಹೋಯಿತು. ಬಾವಿಯ ನೀರಿನಲ್ಲಿ ನೋಡಿದಳು, ಹಿತ್ತಾಳೆ ಕೊಡದ ಹೊಟ್ಟೆಯಲ್ಲಿ ನೋಡಿದಳು, ಸಾರಿನ ಸೌಟಿನಲ್ಲಿ ನೋಡಿದಳು. ಸೀರೆ ಕಾಣುತ್ತಿತ್ತು, ಕೈ ಕಾಣುತ್ತಿತ್ತು, ಕತ್ತಿನ ಸರ ಕಾಣುತ್ತಿತ್ತು. ಕತ್ತಿನ ಮೇಲೆ ಹಿಂದಿನ ಗೋಡೆ ಕಾಣುತ್ತಿತ್ತು.

ಯಾರಿಗೆ ಹೇಳುವುದು? ಎದುರಿಗೆ ಬಂದವರಿಗೆಲ್ಲ ಅವಳ ಮುಖ ಇದ್ದ ಹಾಗೆಯೇ ಇತ್ತು. ಹಾಲಿನ ಮುನಿಶಾಮಮ್ಮ ಎಂದಿನಂತೆ ಮಾತಾಡಿಸಿ ಹೋಗುತ್ತಿದ್ದಳು. ಗಂಡ ಎದುರಿಗೆ ಕೂತು ಊಟ ಮಾಡುತ್ತಿದ್ದ. ಅವಳಿಗೆ ಮಾತ್ರ ಅದಿಲ್ಲ. ಕಣ್ಣಿಗೆ ಕಾಡಿಗೆ ಹಚ್ಚುವುದು ಬಿಟ್ಟಳು. ಬೊಟ್ಟನ್ನು ಬೆರಳಿನ ಅಂದಾಜಿನ ಮೇಲೆ ಇಟ್ಟುಕೊಂಡಳು.

“ಏನಮ್ಮ ತಾಯಿ, ನಿನ್ನ ಬೊಟ್ಟು ದಿನಾ ಒಂದೊಂದು ಊರಿಗೆ ಹೋಗ್ತಾ ಇದೆ? ನಿನ್ನೆ ಗೌರಿಬಿದನೂರಿನ ಕಡೆ ಇತ್ತು, ಇವತ್ತು ಚಿಂತಾಮಣಿ ಕಡೆ” ಎಂದರು ಅಮ್ಮಾಜಮ್ಮ, ಅವರೆಕಾಯಿ ಸುಲಿಯುತ್ತ.

“ಕನ್ನಡಿ ಹಳೇದಾಯ್ತು ಅತ್ತೆ.”

“ಕನ್ನಡಿ ಹಳೇದಾಗಲ್ಲ ಕಣಮ್ಮ, ನಾವಾಗ್ತೀವಿ. ಬಾ ಇಲ್ಲಿ.” ಅವರು ತಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಬೊಟ್ಟನ್ನು ಸರಿ ಮಾಡಿದರು. ಆ ಬೆರಳು ಹಣೆಯ ಮೇಲೆ ಇದ್ದಷ್ಟು ಹೊತ್ತು ಶ್ಯಾಮಲಳಿಗೆ ಅಳು ಬರುವಂತಾಯಿತು. ಮಾತು ತಪ್ಪಿಸಲು ಕೇಳಿದಳು: “ಅತ್ತೆ, ಹೊಸ ಹೊಳಪನ್ನ ಸೂರ್ಯಂಗೆ ಯಾಕೆ ಮೊದಲು ತೋರಿಸ್ತಾರೆ?”

“ಹೊಳಪಿಗೆ ಹಸಿವು ಅನ್ನೋರು ನಮ್ಮ ಮಾವ. ಮೊದಲು ಕಂಡಿದ್ದನ್ನ ನುಂಗುತ್ತಂತೆ. ಸೂರ್ಯನ್ನ ನುಂಗಕ್ಕಾಗುತ್ತಾ? ಒಂದು ತುತ್ತು ತಿಂದು ಹೊಟ್ಟೆ ತುಂಬಿ ಸುಮ್ಮನಾಗುತ್ತೆ.”

“ಮನುಷ್ಯರನ್ನ ಕಂಡ್ರೆ?”

ಅಮ್ಮಾಜಮ್ಮ ಕಾಳು ಬಿಡಿಸುವುದನ್ನು ನಿಲ್ಲಿಸಿದರು. “ಮನುಷ್ಯನಿಗೆ ಏನೂ ಆಗಲ್ಲ. ಮುಖ ಅಲ್ಲೇ ಉಳಿದುಬಿಡುತ್ತೆ ಅಷ್ಟೆ. ಚಿಂತಾಮಣಿ ಕಡೆ ಒಂದು ಅಮ್ಮನವರ ಮುಖವಾಡಾನ ಮಾವ ಅವಸರ ಪಟ್ಕೊಂಡು ನೋಡಿಬಿಟ್ರಂತೆ. ಸಾಯೋ ತನಕ ಹಣೆಗೆ ನಾಮ ನಮ್ಮತ್ತೆ ಕೈಲೇ ಇಡಿಸ್ಕೊಳ್ತಿದ್ರು. ಕನ್ನಡಿ ಮುಂದೆ ನಿಂತಿದ್ದನ್ನ ನಾನು ಕಾಣೆ. ಮೆರುಗು ಕಿತ್ತು ಮತ್ತೆ ಹಾಕಿದ್ರೆ ವಾಪಸ್ ಬರ್ತಿತ್ತಂತೆ. ಆದ್ರೆ ಊರೆಲ್ಲ ಕೈ ಮುಗಿಯೋ ಮುಖಾನ ಯಾರಮ್ಮ ಕೀಳ್ತಾರೆ?”

ಅಂದರೆ ದಾರಿ ಇತ್ತು. ದೀಪ ಬಿಚ್ಚಿಸಿ ತರಬೇಕು, ಆಸಿಡ್ಡಿನಲ್ಲಿ ಕ್ರೋಮ್ ಕೀಳಬೇಕು, ಹೊಸದಾಗಿ ಹಾಕಿ ಸೂರ್ಯನಿಗೆ ತೋರಿಸಬೇಕು. ಅದಕ್ಕೆ ಗಂಡನಿಗೆ ಹೇಳಬೇಕು. ಅವನು ಬಯ್ಯುವವನಲ್ಲ, ಆದರೆ ಆ ಕ್ಷಣದಲ್ಲಿ ಅವನು ತನ್ನನ್ನು ಹೇಗೆ ನೋಡಿಯಾನು ಎಂಬುದೇ ಅವಳ ಹೆದರಿಕೆ. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎಂದುಕೊಳ್ಳುತ್ತಿರುವಾಗಲೇ ಶಿಡ್ಲಘಟ್ಟದಿಂದ ಆಳು ಮುನಿಗಂಗಪ್ಪ ಬಂದ. ವೆಂಕಟರಾಯಪ್ಪನವರು ಕೂಡಲೇ ಬರಹೇಳಿದ್ದರು. ಎಡಗಡೆ ದೀಪದ ವಿಷಯವಂತೆ.

ಚನ್ನಕೇಶವನ ಮುಖ ಬಿಳಿಚಿತು. “ಬೊಬ್ಬೆ ಎದ್ದಿರಬೇಕು.”

“ನಾನೂ ಬರ್ತೀನಿ” ಎಂದಳು ಶ್ಯಾಮಲ.

ಶಿಡ್ಲಘಟ್ಟದ ಮೇಲೆ ಹೋಗುವ ಚಿಂತಾಮಣಿ ಬಸ್ಸಿನಲ್ಲಿ ಸೊಪ್ಪಿನ ಗಂಟುಗಳ ಮಧ್ಯೆ ಇಬ್ಬರೂ ಒತ್ತಿಕೊಂಡು ಕೂತರು. ಬಸ್ಸಿನ ಕಿಟಕಿ ಗಾಜಿನಲ್ಲಿ ಚನ್ನಕೇಶವನ ಮುಖ ಇತ್ತು. ಅವನ ಭುಜದ ಪಕ್ಕ ಹಿಪ್ಪುನೇರಳೆ ತೋಟಗಳು ಓಡುತ್ತಿದ್ದವು. “ರೀ, ಆ ದೀಪದ ಬಗ್ಗೆ ಒಂದು ಮಾತು...” ಎಂದು ಅವಳು ಶುರು ಮಾಡಿದಳು. “ಈಗ ಏನೂ ಹೇಳಬೇಡ ಕಣೇ, ಮೊದಲೇ ಎದೆ ಹೊಡ್ಕೊಳ್ತಿದೆ” ಎಂದ ಅವನು.

ವೆಂಕಟರಾಯಪ್ಪ ಜಗಲಿಯಲ್ಲೇ ಕಾದಿದ್ದರು. ಅರವತ್ತು ದಾಟಿದ, ಎತ್ತರದ, ಎಲುಬು ಕಾಣುವ ಮನುಷ್ಯ. ಸಿಟ್ಟಿನಲ್ಲಿರಲಿಲ್ಲ. “ಬಾರಪ್ಪ, ಬಾ. ಕಾಫಿ ಕುಡಿ ಮೊದಲು. ನನಗೆ ಒಂದೇ ಸಂದೇಹ. ಆ ಎಡಗಡೆ ದೀಪದ ಹೊಳಪು ಎಷ್ಟು ವರ್ಷ ಬರುತ್ತೆ? ಡ್ರೈವರ್ ಮುಂಡೇದು ದಿನಾ ಉಜ್ಜಕ್ಕೆ ಬರ್ತಾನೆ. ಉಜ್ಜಿದ್ರೆ ಸವೆದೋಗುತ್ತಾ?”

“ಅದಕ್ಕೆ ಕರೆಸಿದ್ರಾ ಸಾರ್?” ಚನ್ನಕೇಶವನಿಗೆ ಉಸಿರು ಬಂತು. “ಯಾರೂ ಕೈ ಹಾಕದೇ ಇದ್ರೆ ನಮ್ಮ ಕಾಲ ಕಳೆದ್ರೂ ಇರುತ್ತೆ.”

“ಹಾಕಲ್ಲ. ಯಾರೂ ಕೈ ಹಾಕಲ್ಲ” ಎಂದು ಮುದುಕ ಮಗುವಿನ ಹಾಗೆ ನಕ್ಕರು. ಆಮೇಲೆ ಇಬ್ಬರೂ ಬಂಪರಿನ ಬೋಲ್ಟು ನೋಡಲು ಎದ್ದರು.

ಒಳಗೆ ವೆಂಕಟರಾಯಪ್ಪನವರ ತಂಗಿ ಓಬಳಮ್ಮ ಶ್ಯಾಮಲಳ ಮಣಿಕಟ್ಟು ಹಿಡಿದು ಅಡಿಗೆಮನೆಯ ಮೂಲೆಗೆ ಎಳೆದುಕೊಂಡು ಹೋದರು. ಅತ್ತಿಗೆ ಹೋದ ಮೇಲೆ ಈ ಮನೆ ನಡೆಸುತ್ತಿದ್ದವರು ಅವರೇ. “ಅಯ್ಯೋ ದೇವುಡಾ, ನಾನು ಹೇಳಿದೆ ಅಂತ ಅಣ್ಣಂಗೆ ಹೇಳಬೇಡಮ್ಮ. ಆ ದೀಪದಾಗೆ ಹೆಂಗಸಿದಾಳೆ.”

ಶ್ಯಾಮಲ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟಳು. “ನೀವು ನೋಡಿದ್ರಾ?”

“ಒಂದು ಸಲ. ಕೂದಲು ಬಿಟ್ಕೊಂಡು ನಿಂತಿದ್ಲು. ಮುಖ ನೋಡಕ್ಕೆ ನನಗೆ ಧೈರ್ಯ ಬರಲಿಲ್ಲ. ಅಣ್ಣ ನಮ್ಮ ಮಂಗಮ್ಮ ಅತ್ತಿಗೆ ಅಂತಾನೆ. ಸಂಜೆ ಆದ್ರೆ ಮಣೆ ಹಾಕ್ಕೊಂಡು ಅದರ ಮುಂದೆ ಕೂತ್ಕೊಂಡುಬಿಡ್ತಾನೆ. ರೇಷ್ಮೆ ಗೂಡಿನ ರೇಟು ಹೇಳ್ತಾನೆ, ಮದುವೆ ಸೀರೆ ಯಾವ ಬಣ್ಣ ಅಂತ ಕೇಳ್ತಾನೆ, ನಗ್ತಾನೆ. ಅತ್ತಿಗೆ ಹೋದಾಗಿಂದ ನಮ್ಮಣ್ಣ ಬಾಯಿ ತುಂಬ ಮಾತಾಡಿದ್ದೇ ಇಲ್ಲ, ಎರಡು ತುತ್ತು ಜಾಸ್ತಿ ಅನ್ನ ತಿಂದಿದ್ದಿಲ್ಲ. ಈಗ ಹಾಕಿಸ್ಕೊಂಡು ತಿಂತಾನೆ. ಅದೇ ನನಗೆ ಭಯ.” ಓಬಳಮ್ಮ ದನಿ ಇನ್ನೂ ಇಳಿಸಿದರು. “ಉಪ್ಪು ಮೆಣಸಿನಕಾಯಿ ನಿವಾಳಿಸಿದೆ, ಹೋಗಲಿಲ್ಲ. ನೀನು ಓದಿದೋಳು, ನಿನ್ನ ಯಜಮಾನರಿಗೆ ಸೂಕ್ಷ್ಮವಾಗಿ ಹೇಳು. ಏನೋ ಕೆಟ್ಟಿದೆ ಅಂತ ನೆಪ ಹೇಳಿ ಬಿಚ್ಕೊಂಡು ಹೋಗಿ ಆಸಿಡ್‌ಗೆ ಹಾಕಿಸಿಬಿಡಲಿ.”

ಶ್ಯಾಮಲ ಕೇಳದೆಯೇ ದಾರಿ ತೆರೆದಿತ್ತು. ತಪ್ಪು ಒಪ್ಪಿಕೊಳ್ಳುವ ಅಗತ್ಯವೂ ಇಲ್ಲ. ಓಬಳಮ್ಮ ಹೆದರಿದ್ದಾರೆ ಎಂದರೆ ಸಾಕು, ದೀಪ ಚಿಕ್ಕಬಳ್ಳಾಪುರಕ್ಕೆ ಬರುತ್ತದೆ, ಮುಖ ಕನ್ನಡಿಗೆ ಬರುತ್ತದೆ.

“ಒಂದು ಸಲ ನೋಡಿ ಬರ್ತೀನಿ” ಎಂದಳು.

ಕಾರು ಹುಳು ಮನೆಯಿಂದ ಈಚೆಗೆ, ಹೆಂಚಿನ ಚಪ್ಪರದ ಕೆಳಗೆ ನಿಂತಿತ್ತು. ಬಂಪರಿನ ಕೆಲಸ ಮುಗಿಸಿದ ಗಂಡಸರಿಬ್ಬರೂ ಕೈ ತೊಳೆಯಲು ಬಾವಿಯ ಕಡೆ ಹೋಗಿದ್ದರು. ಕೆಂಪು ಬಣ್ಣದ ಆ ಪುಟ್ಟ ಕಾರಿನ ಮುಂದೆ ಒಂದು ಮಣೆ, ಮಣೆಯ ಪಕ್ಕ ತಟ್ಟೆಯಲ್ಲಿ ಎರಡು ವೀಳ್ಯದೆಲೆ. ಬಲಗಡೆಯ ದೀಪದಲ್ಲಿ ಚಪ್ಪರ, ಕಂಬ, ನೆಲ, ಶ್ಯಾಮಲಳ ಹಸಿರು ಸೀರೆ. ಸೀರೆಯ ಮೇಲೆ ಏನೂ ಇಲ್ಲ.

ಅವಳು ಎಡಗಡೆಗೆ ಬಂದು ಮಣೆಯ ಮೇಲೆ ಕೂತಳು.

ಮುಖ ಅಲ್ಲಿತ್ತು. ಬಿಚ್ಚಿದ ಕೂದಲು, ಕೆಳಗಿನಿಂದ ಬೀಳುವ ಕಂದೀಲಿನ ಬೆಳಕು. ಸುತ್ತ ಹಗಲಿದ್ದರೂ ಆ ಮುಖದ ಮೇಲೆ ಇನ್ನೂ ಆ ರಾತ್ರಿಯೇ ಇತ್ತು. ಉಬ್ಬು ಲೋಹ ಕೆನ್ನೆಯನ್ನು ಅಗಲ ಮಾಡಿ, ಮೂಗನ್ನು ಚಪ್ಪಟೆ ಮಾಡಿತ್ತು. ಬರುವಾಗ ನಡುಮನೆಯ ಗೋಡೆಯ ಮೇಲೆ ಕಂಡ ಮಂಗಮ್ಮನ ಫೋಟೋಕ್ಕೆ ಸಾಕಷ್ಟು ಹತ್ತಿರ. ಆದರೆ ತನ್ನದೇ. ಕೆಳತುಟಿಯ ಅಂಚಿನ ಮಚ್ಚೆ ಇತ್ತು. ಎಷ್ಟು ದಿನದ ಮೇಲೆ! ಶ್ಯಾಮಲಳಿಗೆ ದೂರದ ಊರಿನಲ್ಲಿ ತಂಗಿಯನ್ನು ಕಂಡಂತಾಯಿತು.

ಕೈ ಎತ್ತಿದಳು. ಅದು ಎತ್ತಲಿಲ್ಲ. ತಲೆ ವಾಲಿಸಿದಳು. ಅದು ವಾಲಿಸಲಿಲ್ಲ. ಅದು ಅವಳನ್ನು ನೋಡುತ್ತಲೇ ಇರಲಿಲ್ಲ. ಬಾವಿಯ ಕಡೆಯಿಂದ ವೆಂಕಟರಾಯಪ್ಪನವರ ಮಾತು ಕೇಳಿಬರುತ್ತಿತ್ತು. ಮುಖ ಆ ದನಿಯ ಕಡೆಗೇ ತಿರುಗಿ ಆಲಿಸುತ್ತಿತ್ತು. ಅವರು ಏನೋ ಹೇಳಿ ನಕ್ಕರು. ದೀಪದೊಳಗೆ ತುಟಿ ಸಣ್ಣಗೆ ಅರಳಿತು. ಹುಬ್ಬುಗಳ ನಡುವೆ ಶ್ಯಾಮಲಳಿಗೆ ಚಿಕ್ಕಂದಿನಿಂದ ಇದ್ದ ಗೆರೆ ಅಲ್ಲಿರಲಿಲ್ಲ. ಬಾಗಿಲು ಹಾಕಿದೆಯೇ, ಒಲೆ ಆರಿದೆಯೇ ಎಂದು ಯಾವತ್ತೂ ಕೇಳದ ಮುಖವಾಗಿತ್ತು ಅದು. ತನ್ನ ಮುಖಕ್ಕೆ ಹಾಗೂ ಇರಲು ಬರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

“ನಾನು ಕಣೇ” ಎಂದು ಪಿಸುಗುಟ್ಟಿದಳು. “ಕರ್ಕೊಂಡು ಹೋಗಕ್ಕೆ ಬಂದಿದೀನಿ.”

ಮುಖ ನಿಧಾನವಾಗಿ ಅವಳ ಕಡೆ ತಿರುಗಿತು. ತಿರುಗುತ್ತಲೇ ಆ ಗೆರೆ ಮೂಡಿತು. ಕಣ್ಣು ಅಗಲವಾದವು, ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹರಿದವು, ಎಲ್ಲಿಂದ ಏನು ಬರುತ್ತದೋ ಎಂಬಂತೆ. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖವೇ ಈಗ ನಿಜವಾಗಿ ಎದುರಿಗೆ ಬಂತು. ಅದು ತಲೆ ಅಲ್ಲಾಡಿಸಿತು. ಬೇಡ. ಮತ್ತೆ ಅಲ್ಲಾಡಿಸಿತು. ಒಳಗಿನಿಂದ ಉಗುರಿನಲ್ಲಿ ತಟ್ಟಿದಂತೆ ಠಣ್ ಎಂದಿತು ದೀಪ.

ಶ್ಯಾಮಲಳಿಗೆ ಎದ್ದು ಓಡಬೇಕೆನ್ನಿಸಿತು. ಆದರೆ ಆ ಕಣ್ಣುಗಳಲ್ಲಿದ್ದ ಹೆದರಿಕೆ ಅವಳಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದನ್ನು ಹಾಗೆಯೇ ಬಿಟ್ಟು ಓಡಲು ಕಾಲು ಬರಲಿಲ್ಲ. ವಾಪಸು ಕರೆದುಕೊಂಡು ಹೋದರೆ ಅದು ಈ ಗೆರೆಯನ್ನೇ ಹೊತ್ತುಕೊಂಡು ಬರುತ್ತದೆ. ಇಲ್ಲಿ ಒಬ್ಬ ಮುದುಕ ಮತ್ತೆ ಗೋಡೆ ನೋಡಿಕೊಂಡು ಕೂರುತ್ತಾನೆ. ಅದನ್ನು ಬಿಟ್ಟು ಹೋದರೆ ತನ್ನ ಮುಖ ತನಗೆ ಇನ್ನೆಂದೂ ಕಾಣದು. ಮುದಿತನ ಬಂದದ್ದನ್ನೂ ಬೇರೆಯವರೇ ಹೇಳಬೇಕು. ಅವಳು ಎರಡನ್ನೂ ಹಾಲಿನ ಪಾತ್ರೆಯೊಳಗೆ ಇಣುಕುವಷ್ಟೇ ಎಚ್ಚರದಿಂದ ನೋಡಿದಳು.

“ಆಯ್ತು. ಹೆದರಬೇಡ” ಎಂದಳು.

ಆ ಮಾತನ್ನು ಅವಳಿಗೆ ಯಾರೂ ಅಷ್ಟು ನಂಬುವಂತೆ ಹೇಳಿರಲಿಲ್ಲ. ದೀಪದೊಳಗಿನ ಕಣ್ಣು ಅವಳ ಮೇಲೆ ಸ್ವಲ್ಪ ಹೊತ್ತು ನಿಂತವು. ಗೆರೆ ಕರಗಿತು. ಆಮೇಲೆ ಮುಖ ಬಾವಿಯ ಕಡೆಗೆ, ಹತ್ತಿರವಾಗುತ್ತಿದ್ದ ಹೆಜ್ಜೆಗಳ ಕಡೆಗೆ, ತಿರುಗಿತು.

ಶ್ಯಾಮಲ ಮಣೆಯಿಂದ ಎದ್ದಳು. ಮೊದಲು ಬಂದವನು ಚನ್ನಕೇಶವ. “ಇಲ್ಲೇನ್ ಮಾಡ್ತಿದೀಯ? ಕೊನೇ ಬಸ್ಸಿಗೆ ಹೊತ್ತಾಯ್ತು. ದೀಪದ ಬಗ್ಗೆ ಏನೋ ಹೇಳ್ಬೇಕು ಅಂದ್ಯಲ್ಲ?”

“ಚೆನ್ನಾಗಿ ಬಂದಿದೆ ಅಂತ ಹೇಳ್ಬೇಕು ಅಂದ್ಕೊಂಡಿದ್ದೆ.”

“ಇವಳ ಬಾಯಲ್ಲಿ ಚೆನ್ನಾಗಿದೆ ಅನ್ನೋ ಮಾತು! ಮಳೆ ಬರುತ್ತೆ ಇವತ್ತು” ಎಂದು ಅವನು ನಕ್ಕು ಚೀಲ ತರಲು ಒಳಗೆ ಹೋದ.

ಗಂಡನಿಗೆ ಹೇಳುವುದು ಬೇಡ ಎಂದು ಅವಳು ಆಗಲೇ ತೀರ್ಮಾನಿಸಿದ್ದಳು. ಅತ್ತೆಗೂ ಬೇಡ, ಅವರು ಕೇಳದೆಯೇ ಎಷ್ಟು ತಿಳಿದುಕೊಂಡಿದ್ದಾರೋ ಅಷ್ಟೇ ಇರಲಿ. ವೆಂಕಟರಾಯಪ್ಪನವರಿಗಂತೂ ಬೇಡವೇ ಬೇಡ. ಅವರು ಅವಳ ಪಕ್ಕದಲ್ಲೇ ಹಾದು ಹೋಗಿ, ಅವಳ ಮುಖ ನೋಡಿ, “ಹುಷಾರಾಗಿ ಹೋಗಿಬಾಮ್ಮ” ಎಂದು, ಗುರುತಿಸದೆ, ಮಣೆಯ ಮೇಲೆ ಕೂತರು.

ಹೊಸ್ತಿಲ ಹತ್ತಿರ ಓಬಳಮ್ಮ ಕಾದಿದ್ದರು. ಅರಿಶಿನ ಕುಂಕುಮ ಕೊಡುತ್ತ, ಕಣ್ಣಿನಲ್ಲೇ ಚಪ್ಪರದ ಕಡೆ ತೋರಿಸಿ, ತುಟಿ ಅಲುಗದ ಹಾಗೆ ಕೇಳಿದರು: “ಕಂಡಿತೇನಮ್ಮ?”

“ಏನೂ ಇಲ್ಲ ಓಬಳಮ್ಮನವರೇ” ಎಂದಳು ಶ್ಯಾಮಲ. “ಬರೀ ದೀಪ. ಹೊಸ ಹೊಳಪು, ಅಷ್ಟೆ.”